ಅಶ್ವಸಮೇತ ಮಾವನ ಮನೆಗೆ

ಕುದುರೆಯ ಮುಖವನ್ನು ಧರಿಸಿ ವಿದ್ಯೆಯನ್ನು ಕಾಪಾಡಿದ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ. ನನ್ನ ಅನ್ನ ಆ ವಿದ್ಯೆಯಿಂದ ಬಂದಿತು, ಅದಕ್ಕೊಂದು ನಮಸ್ಕಾರ. ವಿದ್ಯೆಯಿಂದ ಕಲಿಯಲಾಗದೆ ಉಳಿದದ್ದನ್ನು ಕಲಿಸಲು ನಿಜವಾದ ಕುದುರೆಯೊಂದನ್ನೇ ನನ್ನ ಹಿತ್ತಲಿಗೆ ಕಳುಹಿಸಿದ, ಅದಕ್ಕೆ ಇನ್ನೊಂದು. ಮಳೆ ಬಿಟ್ಟುಕೊಟ್ಟ ದಾರಿಗೆ, ದಾರಿಯ ಅಂಚಿನ ಹುಲ್ಲಿಗೆ, ಅರವತ್ತೆರಡರ ಪ್ರಾಯದಲ್ಲೂ ಹೇಳಿದ ಮಾತು ಕೇಳಿದ ನನ್ನ ಎರಡು ಮೊಣಕಾಲುಗಳಿಗೆ ಕೂಡ ಕೃತಜ್ಞತೆಯನ್ನು ಸಲ್ಲಿಸಿ ವಿಷಯಕ್ಕೆ ಬರುತ್ತೇನೆ.

ಜನ ರಜೆಗೆ ಹೊರಟಾಗ ಹಾಸಿಗೆ ಸುತ್ತಿಕೊಳ್ಳುತ್ತಾರೆ, ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನಾನು ಕುದುರೆಯನ್ನು ಕರೆದುಕೊಂಡು ಹೊರಟವನು. ಸವಾರಿಗೆಂದು ತಿಳಿಯಬೇಡಿ. ಕುದುರೆಯ ಬೆನ್ನೇರುವ ಯೋಗ ನನ್ನ ಜಾತಕದಲ್ಲಿಲ್ಲ. ಇದ್ದಿದ್ದರೂ ಆ ಬೆನ್ನಿನ ಈಗಿನ ಸ್ಥಿತಿಗೆ ಅದು ಹಿತವಾಗುತ್ತಿರಲಿಲ್ಲ. ಹಿಂದಿನ ಅರಸರು ಕುದುರೆಯ ಮೇಲೆ ಕುಳಿತು ವಿಹಾರಕ್ಕೆ ಹೋಗುತ್ತಿದ್ದರು. ನಾನು ಮುಂದೆ, ಕುದುರೆ ಹಿಂದೆ, ನಡುವೆ ಒಂದು ಹಗ್ಗ. ಯಾರು ಯಾರನ್ನು ವಿಹಾರಕ್ಕೆ ಒಯ್ಯುತ್ತಿದ್ದೇವೆಂಬುದು ನೋಡುವವರಿಗೆ ಸ್ಪಷ್ಟವಾಗುತ್ತಿರಲಿಲ್ಲ.

ಕುದುರೆಯ ಹೆಸರು ಬಾದಷಾ. ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ನಾನು ಸಂಸ್ಕೃತ ಪಾಠ ಹೇಳುತ್ತಿದ್ದಷ್ಟು ಕಾಲವೂ ಗೌಸ್ ಸಾಬರ ಜಟಕಾ ನನ್ನನ್ನು ಶಾಲೆಗೆ ಮುಟ್ಟಿಸುತ್ತಿತ್ತು. ಕೊನೆಯ ಹತ್ತು ವರ್ಷ ಅದನ್ನು ಎಳೆದವನು ಬಾದಷಾ. ನಾನು ನಿವೃತ್ತನಾಗುವ ಹೊತ್ತಿಗೆ ಊರಿನ ತುಂಬ ಆಟೊಗಳಾಗಿದ್ದವು. ಸಾಬರು ಶಿವಮೊಗ್ಗದ ಮಗಳ ಮನೆಗೆ ಹೋಗಿ ನೆಲೆಸಲು ತೀರ್ಮಾನಿಸಿ ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತರು.

“ಗಾಡಿ ಮುರಿದು ಒಲೆಗೆ ಹಾಕ್ಬೋದು ಪಂಡಿತ್ರೆ. ಇವನನ್ನ ಏನು ಮಾಡ್ಲಿ?”

ಅಶ್ವಲಕ್ಷಣವನ್ನು ನಾನು ಓದಿಕೊಂಡಿದ್ದವನು. ಎದ್ದುಹೋಗಿ ಹಣೆಯ ಸುಳಿ, ಎದೆಯ ಸುಳಿ, ಕೊರಳಿನ ಸುಳಿಗಳನ್ನೆಲ್ಲ ಪರೀಕ್ಷಿಸಿದೆ. ಎಲ್ಲವೂ ಶುಭವಾಗಿದ್ದವು. ಬಾಯಿ ತೆರೆಸಿ ಹಲ್ಲು ನೋಡಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಇಬ್ಬರೂ ಒಟ್ಟಿಗೆ ನಿವೃತ್ತರಾಗುತ್ತಿದ್ದೇವೆ ಎಂಬ ಸಲುಗೆಯಿಂದ ಅವನನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲೊಂದು ಸರಪಳಿ ಬೆಳೆಯಿತು. ಬಾದಷಾನಿಗೆ ನಾನೇ ಹುರುಳಿ ಬೇಯಿಸಿ ಹಾಕಬೇಕು. ಬೇರೆಯವರು ಹಾಕಿದರೆ ಮುಟ್ಟುವುದಿಲ್ಲ. ನನಗೆ ನನ್ನ ಶ್ರೀಮತಿಯೇ ಅಡುಗೆ ಮಾಡಿ ಬಡಿಸಬೇಕು. ಹೋಟೆಲಿನದು ಹೊಟ್ಟೆಗೆ ಒಗ್ಗುವುದಿಲ್ಲ. ಕುದುರೆಗೆ ಹುರುಳಿಯನ್ನು ಹದವಾಗಿ ಬೇಯಿಸಬಲ್ಲ ನಾನು ನನ್ನ ಪಾಲಿನ ಅಕ್ಕಿಯನ್ನು ಬೇಯಿಸಲಾರೆ ಎಂಬುದು ಆಕೆಗೆ ಬಹುಕಾಲದ ಸೋಜಿಗ. ಅಂತೂ ಕುದುರೆ ಬಿಟ್ಟು ನಾನಿಲ್ಲ, ನನ್ನನ್ನು ಬಿಟ್ಟು ಆಕೆ ಹೋಗುವಂತಿಲ್ಲ. ಆಕೆಯ ತವರು ಇರುವುದು ಶಿವಮೊಗ್ಗದಲ್ಲಿ, ತಮ್ಮ ಶ್ರೀಕಂಠನ ಮನೆ. ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲದ ಆ ತವರಿಗೆ ನಾಲ್ಕು ವರ್ಷ ಆಕೆ ಬೆಳಿಗ್ಗೆ ಹೋಗಿ ಸಂಜೆ ಬಂದಳು. ಒಮ್ಮೆ ಧೈರ್ಯಮಾಡಿ ಎದುರುಮನೆಯ ಮುರುಗೇಶನಿಗೆ ಬಾದಷಾನನ್ನು ಒಪ್ಪಿಸಿ ಇಬ್ಬರೂ ಹೋದೆವು. ಮರುದಿನ ಬೆಳಿಗ್ಗೆಯೇ ಮುರುಗೇಶ ಬಸ್ಸಿಳಿದು ಬಾಗಿಲಲ್ಲಿ ನಿಂತಿದ್ದ, ಬಕೆಟ್ಟಿನಲ್ಲಿ ಸುರಿದಿಟ್ಟ ಹುರುಳಿಯನ್ನು ಬಾದಷಾ ಮುಟ್ಟಿಲ್ಲವೆಂದು. ಆಕೆ ಅರ್ಧ ಮಾಡಿದ ಕಡುಬನ್ನು ನಾದಿನಿಗೆ ಬಿಟ್ಟು ಹೊರಟುಬಂದಳು. ಸೂರ್ಯನಿಗೆ ಏಳು ಕುದುರೆ, ಆತ ಒಂದು ದಿನವೂ ರಜೆ ಹಾಕಿದವನಲ್ಲ. ನಮ್ಮದು ಒಂದೇ ಆದರೂ ಪಾಡು ಅದೇ ಎಂದು ನಾನು ವಿನೋದವಾಡಿದೆ. ಆಕೆ ನಗಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ಆಕೆ ಸೌತೆಕಾಯಿ ಹೆಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: “ನಂಗೆ ಎಂಟು ದಿನ ಬೇಕು. ಪೂರ್ತಿ ಎಂಟು ದಿನ. ಕುದುರೆ ಬಂದ್ರೆ ಬರ್ಲಿ.”

ಹೀಗೆ ತೀರ್ಮಾನವಾಯಿತು. ಶ್ರೀಕಂಠನ ಹಿತ್ತಲಿನಲ್ಲಿ ಖಾಲಿ ಕೊಟ್ಟಿಗೆಯಿತ್ತು. ಆಕೆ ಬಸ್ಸಿನಲ್ಲಿ ಹೋಗುವುದು, ನಾನೂ ಬಾದಷಾನೂ ನಡೆದು ಹೋಗುವುದು. ನಾನು ಪಂಚಾಂಗ ತೆಗೆದೆ. ಒಳ್ಳೆಯ ಮುಹೂರ್ತವೊಂದು ಸಿಕ್ಕಿತು. ಆದರೆ ಅದು ಹೊರಡುವ ಹಿಂದಿನ ಸಂಜೆಗೆ ಬಿದ್ದಿತ್ತು. ಇಂಥ ಸಂದರ್ಭಕ್ಕೆ ಹಿರಿಯರು ಪ್ರಸ್ಥಾನವೆಂಬ ಉಪಾಯವನ್ನು ಇಟ್ಟಿದ್ದಾರೆ. ಶುಭ ಗಳಿಗೆಯಲ್ಲಿ ಪ್ರಯಾಣಿಕನ ವಸ್ತುವೊಂದನ್ನು ಬೇರೆಯವರ ಮನೆಯಲ್ಲಿ ಇರಿಸಿದರೆ ಪ್ರಯಾಣ ಅಲ್ಲಿಂದಲೇ ಆರಂಭವಾದಂತೆ. ಮರುದಿನ ನಿಧಾನವಾಗಿ ಹೊರಟು, ದಾರಿಯಲ್ಲಿ ಆ ವಸ್ತುವನ್ನು ಎತ್ತಿಕೊಂಡು ಹೋದರೆ ಸಾಕು. ಅಂತೆಯೇ ಮುರುಗೇಶನ ಮನೆಯಲ್ಲಿ ನನ್ನದೊಂದು ಪಂಚೆ, ಆಕೆಯದೊಂದು ರವಿಕೆ ಕಣ, ಒಂದು ತೆಂಗಿನಕಾಯಿ ಇಟ್ಟೆ. ಮೂರನೆಯ ಪ್ರಯಾಣಿಕನಿಗೂ ಪ್ರಸ್ಥಾನವಾಗಬೇಡವೆ? ಅವನ ಸ್ವಂತದ್ದೆಂದು ಲೋಕದಲ್ಲಿ ಇದ್ದದ್ದು ತೋಬರಾ ಒಂದೇ, ಎಂದರೆ ಹುರುಳಿ ತುಂಬಿ ಮೋರೆಗೆ ಕಟ್ಟುವ ಗೋಣಿಯ ಚೀಲ. ಅದನ್ನೂ ಅಲ್ಲಿಯ ಗೂಟಕ್ಕೆ ತೂಗುಹಾಕಿದೆ. ಶಾಸ್ತ್ರವನ್ನು ಕುದುರೆಗೂ ವಿಸ್ತರಿಸಿದೆನೆಂಬ ಸಮಾಧಾನ ಎಷ್ಟಿತ್ತೆಂದರೆ, ಮರುದಿನ ನಸುಕಿನಲ್ಲಿ ಕಾಯಿ, ಪಂಚೆ, ಕಣಗಳನ್ನು ಎತ್ತಿಕೊಂಡವನು ತೋಬರಾವನ್ನು ಗೂಟದಲ್ಲಿಯೇ ಬಿಟ್ಟು ಹೊರಟೆ.

ದಾರಿ ಸುಖವಾಗಿತ್ತು. ಒಂದೇ ತೊಡಕು: ಬಾದಷಾ ಇನ್ನೂ ಜಟಕಾದ ಧರ್ಮವನ್ನು ಬಿಟ್ಟಿರಲಿಲ್ಲ. ಕೈಯಲ್ಲಿ ಚೀಲ ಹಿಡಿದು ರಸ್ತೆಯ ಬದಿಯಲ್ಲಿ ನಿಂತವರನ್ನು ಕಂಡರೆ ತಾನೂ ನಿಲ್ಲುವನು. ಅವರು ಹತ್ತಿ ಕೂರುವಷ್ಟು ಹೊತ್ತು ಕಾದು, ಆಮೇಲೆ ಹೊರಡುವನು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನನ್ನು ನೋಡುವರು. ನಾನು ಆಕಾಶವನ್ನು ನೋಡುವೆನು. ಮಲವಗೊಪ್ಪದಲ್ಲಿ ಚಹದಂಗಡಿಯ ಹೆಂಗಸು ಕೇಳಿಯೇಬಿಟ್ಟಳು.

“ಯಾಕ್ ಸ್ವಾಮಿ, ಕುದುರೆ ಕುಂಟ್ತಾ ಇದ್ಯಾ?”

“ಇಲ್ಲಮ್ಮ.”

“ಮತ್ತೆ ಹತ್ಕೊಂಡು ಹೋಗ್ಬಾರ್ದಾ?”

“ಅವನು ರಜೆಗೆ ಹೊರಟಿದ್ದಾನೆ. ಕೆಲಸ ಹೇಳೋ ಹಾಗಿಲ್ಲ.”

“ಒಳ್ಳೇದಾಯ್ತು ಬಿಡಿ ಮಾರಾಯ್ರೆ. ಇಪ್ಪತ್ತು ವರ್ಷ ಆಯ್ತು, ನಮ್ಮೆಜಮಾನ್ರು ನನ್ನ ಶಿವಮೊಗ್ಗದ ಸಂತೆಗೂ ಕರ್ಕೊಂಡು ಹೋಗಿಲ್ಲ. ನಾನೂ ಕುದುರೆಯಾಗಿ ಹುಟ್ಬೇಕಿತ್ತು.” ಒಳಗೆ ಲೋಟ ತೊಳೆಯುತ್ತಿದ್ದ ಯಜಮಾನರು ಕೆಮ್ಮಿದರು.

ಮಧ್ಯಾಹ್ನಕ್ಕೆ ಮನೆ ಮುಟ್ಟಿದೆವು. ಶ್ರೀಕಂಠ ಬಾದಷಾನಿಗೆ ಹೊಸ ಹುಲ್ಲು ಹಾಸಿಸಿದ್ದ. ಹುರುಳಿ ಬೇಯಿಸಿ, ತೋಬರಾ ನೆನಪಾಗಿ, ಇಲ್ಲದಿದ್ದರೇನಾಯಿತೆಂದು ದೊಡ್ಡ ಬೋಗುಣಿಯಲ್ಲಿ ಸುರಿದಿಟ್ಟೆ. ಅವನು ಮೂಸಿ ಮುಖ ತಿರುಗಿಸಿದ. ರಾತ್ರಿಗೂ ಅಷ್ಟೆ. ಮರುದಿನ ಶ್ರೀಕಂಠನ ಹೆಂಡತಿ ಕಡಲೆಬೇಳೆ, ಬೆಲ್ಲ, ತುಪ್ಪ ಹಾಕಿ ಹಯಗ್ರೀವ ಮಾಡಿ, ದೇವರಿಗೆ ತೋರಿಸಿ, ಬೆಳ್ಳಿಯ ತಟ್ಟೆಯಲ್ಲಿ ತಂದಳು. ಕುದುರೆಮೊಗದ ದೇವರಿಗೆ ಪ್ರಿಯವಾದದ್ದು ಕುದುರೆಗೆ ಬೇಡವಾದೀತೆ ಎಂಬುದು ಆಕೆಯ ತರ್ಕ. ನನಗೂ ದೋಷ ಕಾಣಲಿಲ್ಲ. ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು. ಬಾದಷಾ ಎರಡು ಎಸಳು ಹುಲ್ಲು ಕಚ್ಚಿ, ನೀರು ಕುಡಿದು, ಗೋಡೆಯ ಕಡೆ ತಿರುಗಿ ನಿಂತ. ಹಯಗ್ರೀವವನ್ನು ನಾವೇ ತಿಂದೆವು. ನಾನೊಬ್ಬ ಎದುರಿಗಿದ್ದರೆ ಸಾಕು, ಅವನಿಗೆ ಮತ್ತೇನೂ ಬೇಡವೆಂದು ನಾಲ್ಕು ವರ್ಷ ಹೆಮ್ಮೆಪಟ್ಟುಕೊಂಡವನು ನಾನು, ಎದುರಿಗೇ ನಿಂತಿದ್ದೆ.

ಆ ಸಂಜೆ ಕೋಣೆಗೆ ಹೋದಾಗ ಶ್ರೀಮತಿ ಸೀರೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಹೊರತೆಗೆದದ್ದು ಆ ಬೆಳಿಗ್ಗೆಯಷ್ಟೆ.

“ನಾಳೆ ಹೊರಟುಬಿಡೋಣ ರೀ. ಮೂಕಪ್ರಾಣಿ ಉಪವಾಸ ಇದ್ರೆ ನಂಗೂ ಊಟ ಇಳಿಯಲ್ಲ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರನೆಯ ದಿನ ಬೆಳಗಾಗುತ್ತಲೇ ಗೌಸ್ ಸಾಬರನ್ನು ಹುಡುಕಿ ಕರೆತಂದೆ. ಬಾದಷಾ ಅವರ ಹೆಗಲಿಗೆ ಮೂತಿ ಒತ್ತಿದ. ಸಾಬರು ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು.

“ಇವನ ತೋಬರಾ ಎಲ್ಲಿ ಪಂಡಿತ್ರೆ?”

“ಭದ್ರಾವತಿಯಲ್ಲಿ. ಎದುರುಮನೆಯ ಗೂಟದಲ್ಲಿ.”

“ಮತ್ತೆ ಹೆಂಗೆ ತಿಂತಾನೆ? ಹಲ್ಲು ಸವೆದುಹೋಗಿದೆ. ಬೋಗುಣಿಗೆ ಬಾಯಿ ಹಾಕಿದ್ರೆ ಅರ್ಧ ನೆಲಕ್ಕೆ ಬೀಳುತ್ತೆ. ನಾಲ್ಕು ಜನ ಸುತ್ತ ನಿಂತು ನೋಡ್ತಿದ್ರೆ ಇವನಿಗೆ ಶರಮ್. ತೋಬರಾದಲ್ಲಿ ಮುಖ ಇಟ್ರೆ ಯಾರಿಗೂ ಕಾಣಲ್ಲ.”

“ಇಲ್ಲೇ ಹೊಸದೊಂದು ಹೊಲಿಸೋಣವೆ?”

“ಬೇರೆಯವರ ಹಲ್ಲಿನ ಸೆಟ್ಟು ಕೊಟ್ರೆ ನೀವು ಹಾಕ್ಕೊಳ್ತೀರಾ?”

ನಾನು ನನ್ನ ಸೆಟ್ಟನ್ನು ನಾಲಿಗೆಯ ತುದಿಯಿಂದ ಮುಟ್ಟಿ ನೋಡಿಕೊಂಡೆ. ನನಗೂ ಪರರ ಮನೆಯ ಪಂಕ್ತಿಯಲ್ಲಿ ಚಕ್ಕುಲಿ ಬಂದರೆ ಹಸಿವಿಲ್ಲವೆನ್ನುವ ಅಭ್ಯಾಸವುಂಟು.

ಭದ್ರಾವತಿಗೆ ಹೋಗಿ ತರಬೇಕು, ಅಷ್ಟೆ. ಆದರೆ ನನ್ನ ವಿದ್ಯೆ ಅಡ್ಡ ನಿಂತಿತು. ಪ್ರಯಾಣ ಹೊರಟವನು ನಡುವೆ ಮನೆಗೆ ಮರಳಿದರೆ ಆ ಪ್ರಯಾಣ ಮುಗಿದಂತೆ. ಮತ್ತೆ ಹೊರಡಲು ಹೊಸ ಮುಹೂರ್ತ ಬೇಕು, ಮುಂದಿನ ಒಳ್ಳೆಯ ಮುಹೂರ್ತ ಎರಡು ವಾರ ಆಚೆಗಿತ್ತು. ತೋಬರಾ ತಂದರೆ ಎಂಟು ದಿನ ಹೋಯಿತು, ತರದಿದ್ದರೂ ಎಂಟು ದಿನ ಹೋಯಿತು. ನಾನು ಇದನ್ನು ಶ್ರೀಮತಿಗೆ ಸಾಧಾರವಾಗಿ ವಿವರಿಸಿದೆ. ಆಕೆ ಪೆಟ್ಟಿಗೆಯ ಮೇಲೆ ಕುಳಿತು ಪೂರ್ತಿ ಕೇಳಿದಳು.

“ಪ್ರಸ್ಥಾನ ಇಟ್ಟಲ್ಲಿಂದಲೇ ಪ್ರಯಾಣ ಶುರುವಾಯ್ತು ಅಂತ ನೀವೇ ಅಲ್ವಾ ಹೇಳಿದ್ದು?”

“ಹೌದು.”

“ಹಾಗಾದ್ರೆ ಮುರುಗೇಶನ ಮನೆ ನಮ್ಮ ಪ್ರಯಾಣದ ಮೊದಲನೇ ಊರು. ಅಲ್ಲೀತನಕ ಹೋಗಿ ಬಂದ್ರೆ ಮನೆಗೆ ಹೋದ ಹಾಗೆ ಹೇಗಾಗುತ್ತೆ? ನಮ್ಮ ಹೊಸಿಲು ಮಾತ್ರ ತುಳೀಬೇಡಿ.”

ಮೂವತ್ತು ವರ್ಷ ತರಗತಿಗಳಲ್ಲಿ ಪಾಠ ಹೇಳಿದೆ. ಇಂಥ ಸಮಾಧಾನವನ್ನು ಯಾವ ಶಿಷ್ಯನೂ ಹೇಳಿರಲಿಲ್ಲ. ಮುಂದಿನ ಬಸ್ಸಿಗೆ ಹೊರಟೆ.

ಮುರುಗೇಶ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಜಗಲಿಯಲ್ಲಿ ಕಾಲುಚಾಚಿದ್ದ. “ವಾಂಗೊ ಸಾಮಿ. ಕುದ್ರೆ ಊಟ ಬಿಡ್ತಾ?” ಎಂದ, ಅವನಿಗೆ ಅನುಭವವಿತ್ತಲ್ಲ. ತೋಬರಾ ಗೂಟದಲ್ಲಿಯೇ ಇತ್ತು. ಅದಕ್ಕೆ ಕುಂಕುಮವಿತ್ತು, ಬಾಡಿದ ಎರಡು ಹೂವು, ಹೊಸದೊಂದು ಕನಕಾಂಬರದ ಎಳೆ.

“ಇವಳು ಹೇಳಿದ್ಲು, ಸಾಮಿ ಮರ್ತು ಹೋಗಿದಾರೆ, ಬಸ್ಸಲ್ಲಿ ಕಳ್ಸು ಅಂತ. ನಾನು ಹೇಳ್ದೆ, ಅಷ್ಟು ಓದಿರೋರು ಮರೀತಾರಾ? ಮಂತ್ರ ಹೇಳಿ ಇಟ್ಟಿದಾರೆ, ಏನೋ ಪೂಜೆ ಇರ್ಬೇಕು. ಡೈಲಿ ಹೂ ಇಡು ಅಂತ.”

“ಮರೆತದ್ದೇ ಕಣಪ್ಪ,” ಎಂದೆ. ಒಳಗಿನಿಂದ ಆತನ ಹೆಂಡತಿ ನಗುವುದು ಕೇಳಿಸಿತು.

ಕಾಫಿ ಬರುವವರೆಗೆ ಆ ಜಗಲಿಯಲ್ಲಿ ಕುಳಿತು ಎದುರಿಗಿದ್ದ ನನ್ನ ಮನೆಯನ್ನು ನೋಡಿದೆ. ಹತ್ತು ಹೆಜ್ಜೆ ದೂರ, ಹೋಗುವಂತಿಲ್ಲ. ಆ ಬಾಗಿಲಲ್ಲಿ ನಿಂತು ಬೀದಿಯನ್ನು ಎಷ್ಟೋ ವರ್ಷ ನೋಡಿದ್ದೇನೆ. ಬೀದಿಯ ಆಚೆ ಕುಳಿತು ಬಾಗಿಲನ್ನು ನೋಡಿದವನಲ್ಲ. ಅಡುಗೆಮನೆಯ ಕಿಟಕಿ ಎಷ್ಟು ಚಿಕ್ಕದೆಂದು ಆಗ ಕಂಡಿತು. ಅದರ ಹಿಂದೆ ನಾಲ್ಕು ವರ್ಷ, ದಿನಕ್ಕೆ ಎರಡು ಸಲ, ಯಾರು ನಿಂತಿದ್ದರೆಂಬುದೂ ಲೆಕ್ಕಕ್ಕೆ ಬಂತು. ಹಿಂದಿರುಗುವಾಗ ತೋಬರಾ ತೊಡೆಯ ಮೇಲಿತ್ತು. ಅದರ ಪರಿಮಳದಿಂದಾಗಿ ಪಕ್ಕದ ಸೀಟು ಶಿವಮೊಗ್ಗದವರೆಗೂ ಖಾಲಿಯಿತ್ತು.

ತೋಬರಾ ಕಟ್ಟಿ, ಸಾಬರ ಆಜ್ಞೆಯಂತೆ ಎಲ್ಲರನ್ನೂ ಕೊಟ್ಟಿಗೆಯಿಂದ ಹೊರಗೆ ಕಳುಹಿಸಿ ಬಾಗಿಲು ಮರೆಮಾಡಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೀಸುವಕಲ್ಲಿನಂಥ ಸದ್ದು, ನಿಧಾನವಾಗಿ, ಎಡೆಬಿಡದೆ. ಶ್ರೀಮತಿ ಸೆರಗಿನಿಂದ ಕೈಯೊರಸಿಕೊಳ್ಳುತ್ತ ಅದನ್ನು ಕೇಳಿ ನಿಂತಿದ್ದು, ಒಳಗೆ ಹೋಗಿ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಗೂಡಿನಲ್ಲಿ ಜೋಡಿಸಿದಳು.

ಉಳಿದ ದಿನಗಳನ್ನು ಕುರಿತು ಹೇಳುವಂಥದ್ದೇನೂ ಇಲ್ಲ. ಸುಖವೆಂದರೆ ಅದೇ ತಾನೆ. ಸಾಬರು ದಿನವೂ ಬಂದು ಬಾದಷಾನ ಬೆನ್ನುಜ್ಜಿ, ಉರ್ದುವಿನಲ್ಲಿ ಏನೇನೋ ವರದಿ ಒಪ್ಪಿಸುತ್ತಿದ್ದರು. ಅಕ್ಕನೂ ತಮ್ಮನೂ ಸಣ್ಣಂದಿನ ಜಗಳಗಳನ್ನೆಲ್ಲ ಮೊದಲಿನಿಂದ ಆಡಿ ಮುಗಿಸಿದರು. ಒಂದು ದಿನ ಸಕ್ರೆಬೈಲಿಗೆ ಹೋಗಿ ಆನೆಗಳ ಸ್ನಾನ ನೋಡಿದೆವು. “ಇದೊಂದನ್ನ ಮನೆಗೆ ಕರ್ಕೊಂಡು ಬರೋ ಯೋಚನೆ ಮಾಡ್ಬೇಡಿ,” ಎಂದಳು ಆಕೆ.

ಎಂಟನೆಯ ದಿನ ಬೆಳಿಗ್ಗೆ ಬೇಗನೆ ಉಂಡು ಹೊರಡಬೇಕೆಂದು ಮಾತಾಗಿತ್ತು. ಅಂದು ಆಕೆಗೆ ಇದ್ದಕ್ಕಿದ್ದಂತೆ ಮುರುಗೇಶನ ಮನೆಗೆ ಕೋಡುಬಳೆ ಒಯ್ಯಬೇಕೆಂದು ನೆನಪಾಯಿತು. ಹಿಟ್ಟು ಕಲಸಿದ್ದು ಸಾಲದೆಂದು ಇನ್ನಷ್ಟು ಕಲಸಿದಳು. ಎಣ್ಣೆ ಕಾಯಲು ತಡವಾಯಿತು. ನಾಲ್ಕು ಗಂಟೆ ದಾಟಿತು. ಮುದಿ ಕುದುರೆಯನ್ನು ಕತ್ತಲಲ್ಲಿ ಹೆದ್ದಾರಿಯ ಮೇಲೆ ನಡೆಸುವಂತಿಲ್ಲ.

“ನಾಳೆ ಬೆಳಿಗ್ಗೆ ಹೊರಟ್ರಾಯ್ತು ಬಿಡಿ,” ಎಂದಳು.

ಶ್ರೀಕಂಠ ಹಿಂಜರಿಯುತ್ತ ನನ್ನನ್ನು ನೋಡಿದ. “ಭಾವ, ನಾಳೆ ಒಂಬತ್ತನೇ ದಿನ ಆಗಲ್ವಾ? ಹೊರಟ ಒಂಬತ್ತನೇ ದಿನ ಮನೆಗೆ ವಾಪಸ್ ಹೋಗ್ಬಾರ್ದು ಅಂತಾರಲ್ಲ.”

“ಹೌದಲ್ವಾ? ನಂಗೆ ಹೊಳೀಲೇ ಇಲ್ಲ ನೋಡಿ,” ಎಂದಳು ಆಕೆ, ಬಾಣಲೆಯ ಕಡೆ ಮುಖಮಾಡಿ. ಪಂಚಾಂಗದವನ ಜೊತೆ ನಲವತ್ತು ವರ್ಷ ಬಾಳಿದವಳು.

ನಾನು ಬೆರಳ ಗೆಣ್ಣುಗಳ ಮೇಲೆ ಎಣಿಸಿದೆ. ಕರಾರುವಾಕ್ಕಾಗಿ ಒಂಬತ್ತು. ಇನ್ನೊಮ್ಮೆ ಎಣಿಸಿದಂತೆ ಮಾಡಿ, “ನಾಳೆ ಸರ್ವಥಾ ಕೂಡದು. ನಾಳಿದ್ದೇ ಹೊರಡತಕ್ಕದ್ದು,” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ಆಕೆ ತಿರುಗಲಿಲ್ಲ. ಒಂದು ಕೋಡುಬಳೆಯನ್ನು ಎಣ್ಣೆಯಿಂದ ಎತ್ತಿ, ಆರಿಸಿ, ನನ್ನ ಹಲ್ಲಿಗೆ ಆಗುವಂತೆ ಪುಡಿಮಾಡಿ ತಟ್ಟೆಯಲ್ಲಿಟ್ಟು ನನ್ನ ಕಡೆ ಸರಿಸಿದಳು.

ಈ ಪ್ರಯಾಣದಲ್ಲಿ ಪಾಲುಗೊಂಡ ಸಕಲರಿಗೂ ಮಂಗಳವಾಗಲಿ. ಚೀಲಕ್ಕೆ ಹೂವಿಟ್ಟ ಮನೆಯಲ್ಲಿ ಹೂವು ಬಾಡದಿರಲಿ. ಸಾಬರ ಕೈಗೆ ಬಲವಿರಲಿ. ಮಲವಗೊಪ್ಪದ ತಾಯಿಯನ್ನು ಆಕೆಯ ಯಜಮಾನರು ಸಂತೆಗಾದರೂ ಕರೆದೊಯ್ಯಲಿ. ಬಾದಷಾನಿಗೆ ಮೆತ್ತನೆಯ ಹುರುಳಿ, ನೋಡದೆ ತಿರುಗಿ ನಿಲ್ಲುವ ಸಜ್ಜನರು ಸದಾ ದೊರೆಯಲಿ. ಲೋಕದಲ್ಲಿ ತವರಿಗೆ ಹೋದ ಹೆಣ್ಣುಮಕ್ಕಳೆಲ್ಲರಿಗೂ ಎಂಟನೆಯ ದಿನ ಎಣ್ಣೆ ಕಾಯುವುದು ತಡವಾಗಲಿ.