ಅವ್ವನ ಕಾಡಿಗೆಯ ಮೇಲೆ ಲೇಸರ್

ನಾನು ಓದಿ ಉದ್ಧಾರವಾದದ್ದು ಮಸಿಯಲ್ಲಿ. ದೀಪದ ಮಸಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಉಂಡೆಗಳಿರುತ್ತವೆ. ಅವನ್ನು ಎರಡು ವಜ್ರಗಳ ತುದಿಗಳ ನಡುವೆ ಇಟ್ಟು ಹಿಂಡಿ, ಲೇಸರ್ ಬಿಟ್ಟು, ಚದುರಿ ಬಂದ ಬೆಳಕನ್ನು ನೋಡಿದರೆ ಒಳಗೇನಾಯಿತೆಂದು ತಿಳಿಯುತ್ತದೆ. ಇಷ್ಟೆಲ್ಲ ಹೇಳಿದರೂ ಹುಮನಾಬಾದಿನ ನೆಂಟರಿಗೆ ವಜ್ರವೊಂದೇ ಕೇಳಿಸುತ್ತದೆ.

ಹೈದರಾಬಾದಿನ ನಮ್ಮ ಪ್ರಯೋಗಾಲಯದಲ್ಲಿ ಉಳಿದಿದ್ದದ್ದು ಒಂದೇ ಜೊತೆ ವಜ್ರ. ಹಿಂದಿನದನ್ನು ನಮ್ಮ ಪ್ರೊಫೆಸರು ತಾವೇ ತಿರುಪು ಅತಿಯಾಗಿ ಬಿಗಿದು ಒಡೆದಿದ್ದರು. ಇದೂ ಒಡೆದರೆ ನನ್ನ ಪಿಎಚ್‌ಡಿಗೆ ಎಳ್ಳುನೀರು. ಪ್ರೊಫೆಸರು ಬಸವಕಲ್ಯಾಣದವರು. ದೇವರು, ದೃಷ್ಟಿ, ರಾಹುಕಾಲ ಯಾವುದನ್ನೂ ನಂಬರು. ನಂಬಿದವರನ್ನು ಹಂಗಿಸದೆ ಅವರಿಗೆ ಚಹಾ ಇಳಿಯುವುದಿಲ್ಲ.

ಮಸಿಯನ್ನು ಅವ್ವನಿಂದ ತರಿಸಿದೆ. ಓಣಿಯ ಕೂಸುಗಳಿಗೆಲ್ಲ ಕಾಡಿಗೆ ಅವಳದೇ: ಔಡಲೆಣ್ಣೆ ದೀಪ, ಮೇಲೊಂದು ಮಗುಚಿದ ತಾಟು. ಏನೂ ಕಲಸಬೇಡ ಎಂದು ಫೋನಿನಲ್ಲಿ ಹೇಳಿದ್ದೆ. ಹೂಂ ಅಂದಿದ್ದಳು. ಬಸ್ಸಿಗೆ ಕೊಟ್ಟು ಕಳಿಸಿದ ಡಬ್ಬಿಯಿಂದ ಚಿಟಿಕೆ ತೆಗೆದಿಟ್ಟು ಲೇಸರ್ ಬಿಟ್ಟರೆ ಪರದೆ ತುಂಬ ಬರೀ ಹೊಳಪು. ಪರದೆಯ ಗೆರೆಯಲ್ಲಿ ಇಂಗಾಲದ ಗುರುತಾಗಿ ಎರಡು ಗುಡ್ಡೆಗಳು ಕಾಣಬೇಕಿತ್ತು, ಅವು ಅದರೊಳಗೆ ಮುಳುಗಿಹೋಗಿದ್ದವು. ಅವ್ವ ತುಪ್ಪ ಕಲಸಿದ್ದಳು.

"ಒಣಾ ಮಸಿ ಮಂದಿಗಿ ಹ್ಯಾಂಗ ಕೊಡೋದು? ನಿಮ್ಮ ಸಾಹೇಬ್ರು ಏನ್ ಅಂದ್ಕೋತಾರ?" ಎಂದು ಫೋನಿನಲ್ಲಿ ನನಗೇ ಬೈದಳು.

"ತುಪ್ಪಷ್ಟೇ ಕಾಣಾಕತ್ತದವ್ವ, ಮಸಿ ಕಾಣವಲ್ದು."

"ಮನೀ ತುಪ್ಪ ಅದ. ಕಾಣ್ಲಿ ಬಿಡು."

ಸಿಟ್ಟಿನಲ್ಲೇ ಹುಮನಾಬಾದಿಗೆ ಹೋಗಿ, ದೀಪದ ಮುಂದೆ ಕಾವಲು ಕೂತು, ಒಣ ಮಸಿ ಕೆರೆದುಕೊಂಡು ಬಂದೆ. ಹೊರಡುವಾಗ ಅವ್ವ ತುಪ್ಪದ ಕಾಡಿಗೆಯ ಡಬ್ಬಿಯನ್ನೂ ಚೀಲಕ್ಕೆ ತುರುಕಿದಳು. "ನಿನ್ನ ವಜ್ರದ ಹರಳಿಗಿ ಒಂದು ಬೊಟ್ಟು ಹಚ್ಚು. ಮಂದಿ ಕಣ್ಣು ಛಲೋ ಇರಂಗಿಲ್ಲ."

ಹೈದರಾಬಾದಿಗೆ ಬಂದು ಇದನ್ನು ಹೇಳಿದರೆ ಪ್ರೊಫೆಸರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ಹುಮನಾಬಾದ್ ಮಂದಿ ಬುದ್ಧಿ ಇಷ್ಟೇ ನೋಡು" ಎಂದು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಮರುದಿನ ಒಣ ಮಸಿಯನ್ನು ವಜ್ರಗಳ ನಡುವೆ ಇಟ್ಟು ತಿರುಪು ಬಿಗಿಯುತ್ತ ಹೋದೆ. ಪ್ರೊಫೆಸರು ಪಕ್ಕದಲ್ಲೇ ನಿಂತಿದ್ದರು. ಒತ್ತಡ ಏರಿದಂತೆ ಪರದೆಯ ಮೇಲಿನ ಗುಡ್ಡೆಗಳಲ್ಲೊಂದು, ನಾನು ಕಾಯುತ್ತಿದ್ದಂತೆಯೇ, ಬಲಕ್ಕೆ ಸರಿಯಿತು. ಸಡಿಲಿಸಿದರೆ, ಗಂಡನ ಮನೆಯಲ್ಲಿ ಜಗಳವಾಡಿ ಬಂದವಳ ಹಾಗೆ ಮೊದಲಿನ ಜಾಗಕ್ಕೇ ಬಂದು ಕೂತಿತು. ವಜ್ರದ ಮೇಲೆ ಒಂದು ಗೀರೂ ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು.

ವಜ್ರಗಳನ್ನು ಕೂರಿಸಿದ್ದ ಉಕ್ಕಿನ ಗೂಡನ್ನು ಒರೆಸಲೆಂದು ತಿರುವಿ ಹಾಕಿದೆ. ತಳದಲ್ಲಿ ಎಳ್ಳಿನಷ್ಟು ಕರಿ ಬೊಟ್ಟು. ನಾನು ಇಟ್ಟದ್ದಲ್ಲ. ತಲೆಯೆತ್ತಿದರೆ ಪ್ರೊಫೆಸರು ಕಿಟಕಿಯ ಕಡೆ ಮುಖ ಮಾಡಿ, ತೋರುಬೆರಳನ್ನು ಕರವಸ್ತ್ರಕ್ಕೆ ತಿಕ್ಕುತ್ತಿದ್ದರು. ಅವ್ವನ ಕಾಡಿಗೆ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಮನೆಯ ತುಪ್ಪ ಇದೆಯಲ್ಲ.