ತಾನಾಗಿ ಬದಲಾಗುವ ಪರದೆ

ಅರಸೀಕೆರೆಯ ನಮ್ಮ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ನನ್ನ ಸಹೋದ್ಯೋಗಿಯೊಬ್ಬರು ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದರು. ನನಗಿಂತ ಹಿರಿಯರು. ಮಾತಾಡುವಾಗ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುವುದು ಅವರ ಅಭ್ಯಾಸ. "ಕಂಪ್ಯೂಟರಲ್ಲಿರೋ ಪಟ್ಟೀನ ಪರದೆಗೆ ಒಂದ್ಸಲ ಕಟ್ಟಿಬಿಡಿ, ಆಮೇಲೆ ಪಟ್ಟಿ ಬದಲಾದ್ರೆ ಪರದೆ ತಾನಾಗೇ ಬದಲಾಗುತ್ತೆ ಕಣ್ರೀ" ಎಂಬುದು ಅವರ ಮಾತು.

ಊರಿನ ನರ್ಸಿಂಗ್ ಹೋಮ್ ಒಂದಕ್ಕೆ, ಕಾಯುತ್ತಿರುವವರ ಹೆಸರು ತೋರಿಸುವ ಪರದೆಯನ್ನು ಅವರೇ ಮಾಡಿಕೊಟ್ಟಿದ್ದರು. ಹೇಗೆ ನಡೆಯುತ್ತಿದೆ ಎಂದು ನೋಡಲು ಇಬ್ಬರೂ ಹೋದೆವು. ಜಾವಗಲ್ಲಿನ ಅಜ್ಜಿಯೊಬ್ಬರು ಬೆಳಗಿನಿಂದ ಪರದೆಯನ್ನೇ ನೋಡುತ್ತ ಕೂತಿದ್ದರು. ಅವರ ನಂತರ ಬಂದವರೆಲ್ಲ ತಮ್ಮ ಹೆಸರೂ ಬಾರದ್ದು ನೋಡಿ ಕೌಂಟರಿನಲ್ಲಿ ಜಗಳವಾಡಿ ಒಳಗೆ ಹೋಗಿಯಾಗಿತ್ತು.

"ಆ ಟೀವಿಲಿ ನನ್ನೆಸ್ರು ಬಂದ್ರೆ ಒಳಿಕ್ ಓಗು ಅಂದವ್ರೆ. ಇನ್ನೂ ಬಂದಿಲ್ಲ ಕಣಪ್ಪ" ಎಂದರು ಅಜ್ಜಿ.

ನನ್ನ ಸಹೋದ್ಯೋಗಿ ಕೌಂಟರಿನ ಕಂಪ್ಯೂಟರ್ ನೋಡಿದರು. ಪಟ್ಟಿಯಲ್ಲಿ ಅಜ್ಜಿಯ ಹೆಸರಿತ್ತು. ಹಳೆಯ ಪಟ್ಟಿ ಹೋಗಿ ಹೊಸದೊಂದು ಬಂದರೆ ಮಾತ್ರ ಪರದೆಗೆ ತಿಳಿಯುವಂತೆ ಅವರು ಪ್ರೋಗ್ರಾಂ ಬರೆದಿದ್ದರು. ಅದೇ ಪಟ್ಟಿಗೆ ಇನ್ನೊಂದು ಹೆಸರು ಸೇರಿದರೆ ಪರದೆಗೆ ಅದರ ಸುದ್ದಿಯೇ ಇರಲಿಲ್ಲ. ಇಡೀ ಪಟ್ಟಿಯನ್ನು ಹೊಸದೆಂಬಂತೆ ಪರದೆಗೆ ಮತ್ತೆ ಕೊಟ್ಟರು. ಹೆಸರು ಮೂಡಿತು.

ಅಜ್ಜಿ ಎದ್ದು ಬಂದು ಅವರ ತಲೆಯ ಮೇಲೆ ಕೈಯಿಟ್ಟರು. "ನೀನ್ ಬಂದೆ, ನನ್ನೆಸ್ರು ಬಂತು. ತಣ್ಣಗಿರು ಮಗ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅಜ್ಜಿ ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೂ ಒರೆಸುತ್ತಲೇ ಇದ್ದರು, ತಲೆ ಎತ್ತಲಿಲ್ಲ.

ತಪ್ಪನ್ನು ಮರುದಿನವೇ ಸರಿಪಡಿಸಿದರು. ಆದರೆ ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ಅವರು ಪರದೆಯತ್ತ ನೋಡುತ್ತಿರಲಿಲ್ಲ. ಬೆಂಚಿನ ಮೇಲಿದ್ದವರ ಮುಂದೆ ಬಗ್ಗಿ, "ನಿಮ್ಮ ಹೆಸರು ಬಂತಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು.