ಹಾಲು ಬಿಟ್ಟು ಮೇಲೆ ಬಂದ ಮರಿ

ಇಬ್ಬರಿಗೆ ಹನ್ನೆರಡು ಸಾವಿರ ರೂಪಾಯಿ ಆಯಿತು. ಬೋಟಿನವನು ಮೊದಲು ಹದಿನೆಂಟು ಹೇಳಿದ್ದ. ಭದ್ರಾವತಿಯಲ್ಲಿ ನನ್ನದು ಹಿಂಡಿ-ಬೂಸಾ ಅಂಗಡಿ. ಮಾಲು ಚೆನ್ನಾಗಿ ಮಾರಿದ್ದಕ್ಕೆ ಹಿಂಡಿ ಕಂಪನಿಯವರು ನನ್ನನ್ನೂ ಹೆಂಡತಿಯನ್ನೂ ಮಾರಿಷಸ್ಸಿಗೆ ಕಳಿಸಿದ್ದರು. ವಿಮಾನ, ಊಟ, ರೂಮು ಅವರದು. ತಿಮಿಂಗಿಲ ತೋರಿಸುವ ಬೋಟಿನ ಖರ್ಚು ಮಾತ್ರ ನಮ್ಮದು.

ಶಿವಮೊಗ್ಗದ ಬಜಾರಿನಲ್ಲಿ ಕಲಿತ ಹಿಂದಿಯಲ್ಲೇ ಚೌಕಾಸಿ ಮಾಡಿದೆ. ಅರ್ಧ ಈಗ, ಉಳಿದರ್ಧ ಹತ್ತಿರದಿಂದ ತೋರಿಸಿದ ಮೇಲೆ ಎಂದೆ. ಅಂಗಡಿ ಹಾಕುವ ಮುಂಚೆ ಹೊಳೆಹೊನ್ನೂರಿನ ಕಡೆ ದನದ ದಲ್ಲಾಳಿಯಾಗಿದ್ದವನು ನಾನು. ಪೂರ್ತಿ ದುಡ್ಡು ಮುಂಗಡ ಕೊಟ್ಟು ಅಭ್ಯಾಸವಿಲ್ಲ.

ದಾರಿಯಲ್ಲಿ ಅವನೇ ವಿವರಿಸಿದ. ಹೆರುವುದಕ್ಕೆಂದೇ ಈ ಗೂನುಬೆನ್ನಿನ ತಿಮಿಂಗಿಲಗಳು ತಣ್ಣನೆಯ ಕಡಲಿಂದ ಇಲ್ಲಿನ ಬೆಚ್ಚನೆಯ ನೀರಿಗೆ ಬರುತ್ತವಂತೆ. ಇಲ್ಲಿ ತಾಯಿಗೆ ಮೇವಿಲ್ಲ. ಮೈಯ ಕೊಬ್ಬು ಕರಗಿಸಿಯೇ ಹಾಲೂಡಿಸುತ್ತದಂತೆ. ಮೇವು ಮಾರಿ ಬದುಕುವವನಿಗೆ ನಂಬಲು ಕಷ್ಟವಾಯಿತು.

ಕೊನೆಗೆ ಕಂಡವು. ತಾಯಿ ನೀರೊಳಗೆ ಬಂಡೆಯ ಹಾಗೆ ಅಲುಗದೆ ನಿಂತಿತ್ತು. ಮರಿ ಮೇಲೆ ಬಂದು ಪುಸ್ಸೆಂದು ಉಸಿರು ಬಿಟ್ಟು, ಮತ್ತೆ ತಾಯಿಯ ಹೊಟ್ಟೆಯಡಿ ನುಗ್ಗುತ್ತಿತ್ತು. ಬೋಟಿನವನು ಇಂಜಿನ್ ನಿಲ್ಲಿಸಿ, ಇದಕ್ಕಿಂತ ಹತ್ತಿರ ಬೇಡ ಎಂದ. ನಾನು ಉಳಿದರ್ಧದ ಮಾತು ನೆನಪಿಸಿದೆ. ಅವನು ಇಂಜಿನ್ ಹಾಕಿ ಬೋಟನ್ನು ಇನ್ನೂ ಹತ್ತಿರ ಒಯ್ದ.

ಮರಿ ಮುಂದಿನ ಉಸಿರಿಗೆ ಎದ್ದಾಗ ಅದು ಅತ್ತ, ತಾಯಿ ಇತ್ತ, ನಡುವೆ ನಾವು. ಪುಸ್, ಪುಸ್ ಎಂದು ಅಲ್ಲೇ ಸುತ್ತಿತು. ತಾಯಿ ಬೋಟಿನ ಅಡಿಯಿಂದಲೇ ಬಂದು ಮರಿಯನ್ನು ಪಕ್ಕಕ್ಕೆ ಒತ್ತಿಕೊಂಡು ಹೊರಟುಹೋಯಿತು.

"ಅದು ಹಾಲು ಕುಡೀತಿತ್ತು ರೀ," ಎಂದಳು ಹೆಂಡತಿ. "ಸಂತೆ ದಿನ ಕರು ಕಟ್ಟಿಹಾಕ್ತಿದ್ರಲ್ಲ, ಹಂಗೇ ಮಾಡಿದ್ರಿ."

ಹೌದು, ಕಟ್ಟಿಹಾಕುತ್ತಿದ್ದೆ. ಹಿಂದಿನ ಸಂಜೆಯಿಂದಲೇ ಕರುವನ್ನು ಕುಡಿಯಲು ಬಿಡುತ್ತಿರಲಿಲ್ಲ. ಕೆಚ್ಚಲು ತುಂಬಿ ಕಂಡರೆ ಹಸುವಿಗೆ ಒಳ್ಳೆಯ ರೇಟು. ಆ ಕರುಗಳಾದರೂ ಕೂಗುತ್ತಿದ್ದವು. ಈ ಮರಿ ಕೂಗಿದ್ದು ಕೇಳಲಿಲ್ಲ.

ಈಗ ಅಂಗಡಿಯಲ್ಲಿ ಹಮಾಲಿ ಲಾರಿಯಿಂದ ಬೂಸಾ ಮೂಟೆ ಇಳಿಸಿದಾಗಲೆಲ್ಲ ಮೂಟೆಯ ಬಾಯಿಂದ ಪುಸ್ಸೆಂದು ಗಾಳಿ ಹೊರಡುತ್ತದೆ. ಗಿರಾಕಿ ಎದುರಿಗಿದ್ದರೂ ನಾನು ಮಾತು ನಿಲ್ಲಿಸಿ ಇನ್ನೊಂದು ಉಸಿರಿಗೆ ಕಾಯುತ್ತೇನೆ. ಮರಿ ತಾಯಿಯನ್ನು ಸೇರಿದ್ದನ್ನು ಕಂಡಿದ್ದೇನೆ. ಆಮೇಲೆ ಕುಡಿಯಿತೋ ಇಲ್ಲವೋ, ಅದು ಗೊತ್ತಿಲ್ಲ.

ನೀವು ಹೋದರೆ ಪೂರ್ತಿ ದುಡ್ಡು ಮೊದಲೇ ಕೊಟ್ಟುಬಿಡಿ, ದೂರವೇ ನಿಲ್ಲಿಸಲು ಹೇಳಿ, ಒಂದು ದುರ್ಬೀನು ಒಯ್ಯಿರಿ. ಇಲ್ಲಿ ಹಸು ಕೊಳ್ಳುವಾಗಲೂ ತುಂಬಿದ ಕೆಚ್ಚಲು ನೋಡಿ ಮರುಳಾಗಬೇಡಿ. ಮೊದಲು ಕರು ಬಿಡಿಸಿ. ಅದು ಹೊಟ್ಟೆತುಂಬ ಕುಡಿಯಲಿ, ಆಮೇಲೆ ಬೆಲೆ ಮಾತಾಡಿ.